ನಾಲ್ಕು ಊರು, ಒಂದು ಬುತ್ತಿ

ನನ್ನ ಮೇಷ್ಟ್ರಗಿರಿಗೆ ಈಗ ಇಪ್ಪತ್ತೆಂಟು ವರ್ಷ. ಇಷ್ಟು ವರ್ಷಗಳಲ್ಲಿ ಆಹಾರ ಮತ್ತು ಪೋಷಕಾಂಶಗಳ ಪಾಠವನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಕಪ್ಪುಹಲಗೆಯ ಮೇಲೆ ಗೀಟು ಹಾಕಿ, ಪ್ರೋಟೀನು, ಕ್ಯಾಲ್ಸಿಯಂ, ಕಬ್ಬಿಣ ಎಂದು ಮೂರು ಕಾಲಂ ಬರೆದು, ರಾಗಿಯ ಮುಂದೆ ಅಂಕಿ ತುಂಬುವಾಗ ನನಗೆ ಒಳಗೊಳಗೇ ಹೆಮ್ಮೆ. ನಮ್ಮ ಜಿಲ್ಲೆಯ ಬೆಳೆಯಲ್ಲವೇ! ಆದರೆ ಈ ಪಾಠವನ್ನು ನಾನು ನಿಜವಾಗಿ ಕಲಿತದ್ದು ತೀರ ಈಚೆಗೆ. ಅದೂ ಒಂದು ತಪ್ಪು ಮಾಡಿದ ಮೇಲೆ.

ನಮ್ಮದು ಮಕ್ಕಳು ಮನೆಯಿಂದ ಬುತ್ತಿ ತರುವ ಶಾಲೆ. ಒಂದು ದಿನ ಇದೇ ಪಾಠ ಮುಗಿಸಿ ಊಟದ ಹೊತ್ತಿಗೆ ಹೊರಬಂದೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ಬೇವಿನ ಮರದ ಹಿಂದೆ ಒಬ್ಬಳೇ ಕೂತು, ಡಬ್ಬಿಯ ಮುಚ್ಚಳವನ್ನು ಮರೆ ಮಾಡಿಕೊಂಡು ತಿನ್ನುತ್ತಿದ್ದಳು. ಹತ್ತಿರ ಹೋಗಿ ನೋಡಿದರೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ನನಗೆ ಎಲ್ಲಿಲ್ಲದ ಸಂತೋಷ. ಮಧ್ಯಾಹ್ನದ ಮೊದಲ ಪೀರಿಯಡ್ಡಿನಲ್ಲಿ ಅವಳನ್ನು ಎಬ್ಬಿಸಿ ನಿಲ್ಲಿಸಿ, ‘ನೋಡ್ರಪ್ಪ, ಈ ತರಗತಿಯಲ್ಲಿ ಸರಿಯಾದ ಊಟ ತಂದವಳು ಇವಳೊಬ್ಬಳೇ’ ಎಂದು ಹೊಗಳಿದೆ. ಹುಡುಗರು ಗೊಳ್ಳೆಂದರು. ಹಿಂದಿನ ಬೆಂಚಿನಿಂದ ಯಾರೋ ‘ಕರೀ ರೊಟ್ಟಿ’ ಎಂದರು. ಆ ಹೆಸರು ಅವಳಿಗೆ ಅಂಟಿಕೊಂಡೇಬಿಟ್ಟಿತು.

ಮಾರನೆಯ ದಿನದಿಂದ ಅವಳು ಡಬ್ಬಿ ತರುವುದನ್ನೇ ಬಿಟ್ಟಿದ್ದಳು. ನನಗೆ ಅದು ಗೊತ್ತಾದದ್ದು ಎಂಟು ದಿನ ಕಳೆದು, ಬೆಳಗಿನ ಪ್ರಾರ್ಥನೆಯಲ್ಲಿ ಅವಳು ತಲೆಸುತ್ತಿ ಬಿದ್ದಾಗ. ಪರೀಕ್ಷೆ ಮಾಡಿಸಿದರೆ ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆ. ರಕ್ತಹೀನತೆ ಎಂಟು ದಿನದಲ್ಲಿ ಬರುವುದಲ್ಲ, ಮೊದಲೇ ಇದ್ದದ್ದು. ಅದರ ಮೇಲೆ ನಾನು ಉಪವಾಸವನ್ನೂ ಸೇರಿಸಿದ್ದೆ. ಅಂಕಿಗಳೆಲ್ಲ ಸರಿಯಾಗಿದ್ದವು. ಮಗು ಮಾತ್ರ ಹಸಿದಿತ್ತು.

ಆಮೇಲೆ ಬಂದದ್ದು ದಸರಾ ರಜೆ. ಬೆಂಗಳೂರಿನಲ್ಲಿರುವ ನನ್ನ ತಂಗಿ ತನ್ನ ಇಬ್ಬರು ಮಕ್ಕಳನ್ನು ನಮ್ಮಲ್ಲಿಗೆ ಕಳಿಸಿದಳು. ಹುಡುಗಿಗೆ ಹನ್ನೆರಡು, ಹುಡುಗನಿಗೆ ಒಂಬತ್ತು. ಫೋನಿನಲ್ಲಿ ತಂಗಿ ಹೇಳಿದ್ದು ಒಂದೇ ಮಾತು: ‘ಅಣ್ಣ, ಇವರು ನೂಡಲ್ಸು, ಚಿಪ್ಸು ಬಿಟ್ಟು ಇನ್ನೇನೂ ಮುಟ್ಟಲ್ಲ. ನೀನೇ ಏನಾದ್ರೂ ಮಾಡಪ್ಪ.’ ಮಕ್ಕಳಿಗೆ ಊರು ತೋರಿಸಿದ ಹಾಗೂ ಆಯಿತು, ಊಟ ತೋರಿಸಿದ ಹಾಗೂ ಆಯಿತು ಎಂದು ನಾನು, ನನ್ನ ಮಡದಿ ಅವರನ್ನು ಕರೆದುಕೊಂಡು ಕೆಂಪು ಬಸ್ಸು ಹತ್ತಿದೆವು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸುತ್ತಿ ಮತ್ತೆ ದುರ್ಗಕ್ಕೆ ವಾಪಸು. ಎರಡು ದಿನದ ಪ್ರವಾಸ. ಈ ಬಾರಿ ಬೋಧನೆ ಬೇಡವೆಂದು ನನಗೆ ನಾನೇ ಆಣೆ ಹಾಕಿಕೊಂಡಿದ್ದೆ.

ದುರ್ಗದ ಮಂಡಕ್ಕಿ

ಬೆಳಿಗ್ಗೆ ಉಪ್ಪಿಟ್ಟನ್ನು ಇಬ್ಬರೂ ತಟ್ಟೆಯ ಅಂಚಿಗೆ ತಳ್ಳಿ ಎದ್ದರು. ನಾವು ಏನೂ ಅನ್ನಲಿಲ್ಲ. ಏಳು ಸುತ್ತಿನ ಕೋಟೆಯ ಎರಡು ಬಾಗಿಲು ದಾಟುವಷ್ಟರಲ್ಲಿ ಹುಡುಗ ಚೀಲದಿಂದ ಚಿಪ್ಸ್ ಪೊಟ್ಟಣ ತೆಗೆದ. ದುರ್ಗದ ಕೋತಿಗಳ ವಿಷಯ ಅವನಿಗೇನು ಗೊತ್ತು? ಒಂದು ದೊಡ್ಡ ಕೋತಿ ಬಂದು ಪೊಟ್ಟಣ ಕಿತ್ತುಕೊಂಡು ಬಂಡೆ ಏರಿ ಕೂತು, ನಮ್ಮನ್ನು ನೋಡಿಕೊಂಡೇ ತಿಂದು ಮುಗಿಸಿತು. ನನ್ನ ಮೊದಲ ಸಮಸ್ಯೆಯನ್ನು ಕೋತಿಯೇ ಬಗೆಹರಿಸಿತ್ತು.

ದೊಡ್ಡ ಬೀಸುವ ಕಲ್ಲುಗಳ ಹತ್ತಿರ ಹುಡುಗ, ‘ಮಾವ, ಇಷ್ಟು ದೊಡ್ಡ ಕಲ್ಲಲ್ಲಿ ರಾಗಿ ಬೀಸ್ತಿದ್ರಾ?’ ಎಂದ. ‘ಅಲ್ಲಪ್ಪ, ಕೋವಿ ಮದ್ದು’ ಎಂದೆ. ಓಬವ್ವನ ಕಿಂಡಿಯ ಮುಂದೆ ನಿಂತು ಕಥೆ ಹೇಳಿದೆ. ಕಾವಲುಗಾರ ಗಂಡ ಮನೆಗೆ ಊಟಕ್ಕೆ ಬಂದಿದ್ದಾನೆ. ನೀರು ತರಲು ಹೋದ ಓಬವ್ವನಿಗೆ ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರಾಲಿಯ ಸಿಪಾಯಿಗಳು ಕಾಣುತ್ತಾರೆ. ಉಣ್ಣುವವನನ್ನು ಎಬ್ಬಿಸದೆ ಒನಕೆ ಹಿಡಿದು ಅವಳೇ ನಿಲ್ಲುತ್ತಾಳೆ. ಕೋಟೆ ಕೊನೆಗೆ 1779ರಲ್ಲಿ ಹೈದರಾಲಿಯ ಕೈ ಸೇರಿತು. ಆದರೆ ಜನರ ಬಾಯಲ್ಲಿ ಉಳಿದದ್ದು ಆ ಒನಕೆ. ‘ಒನಕೆ ಅಂದ್ರೇನು ಮಾವ?’ ಎಂದು ಹುಡುಗಿ ಕೇಳಿದಳು. ‘ಧಾನ್ಯ ಕುಟ್ಟುವ ಕೋಲು. ನಾಳೆ ತೋರಿಸ್ತೀನಿ’ ಎಂದೆ.

ಕೋಟೆ ಇಳಿದಾಗ ಇಬ್ಬರಿಗೂ ಹೊಟ್ಟೆ ಚುರುಗುಟ್ಟುತ್ತಿತ್ತು. ಬುಟ್ಟಿಯಲ್ಲಿ ಸೀತಾಫಲ ಇಟ್ಟುಕೊಂಡು ಕೂತಿದ್ದ ಮುದುಕಿಯ ಹತ್ತಿರ ನಾಲ್ಕು ಹಣ್ಣು ಕೊಂಡು, ಮಂಡಕ್ಕಿ ಹುರಿಯುವ ಕಡೆ ಕರೆದುಕೊಂಡು ಹೋದೆ. ಕಾದ ಮರಳಿಗೆ ಅಕ್ಕಿ ಬಿದ್ದ ಕೂಡಲೇ ಹೂವಿನ ಹಾಗೆ ಅರಳಿ ಮೇಲೇಳುವುದನ್ನು ನೋಡಿ ಹುಡುಗ ಕುಣಿದಾಡಿದ. ‘ಪಾಪ್‌ಕಾರ್ನ್ ತರಾನೇ!’ ಹೌದು, ತತ್ವ ಒಂದೇ. ಕುಸುಲಕ್ಕಿಗೆ ಉಪ್ಪುನೀರು ತಗುಲಿಸಿ ಹದ ಮಾಡಿರುತ್ತಾರೆ. ಕಾಳಿನೊಳಗಿನ ತೇವ ಮರಳಿನ ಕಾವಿಗೆ ಕ್ಷಣದಲ್ಲಿ ಹಬೆಯಾಗಿ ಹಿಗ್ಗಿದಾಗ ಕಾಳೂ ಉಬ್ಬುತ್ತದೆ. ಆಣೆ ಮುರಿದು ಇಷ್ಟು ಹೇಳಿಯೇಬಿಟ್ಟೆ.

ಮಧ್ಯಾಹ್ನದ ಫಲಾರಕ್ಕೆ ಒಗ್ಗರಣೆ ಮಂಡಕ್ಕಿ. ಮಂಡಕ್ಕಿಯನ್ನು ನೀರಲ್ಲಿ ಅದ್ದಿ ಹಿಂಡಿ, ಸಾಸಿವೆ, ಕರಿಬೇವು, ಶೇಂಗಾ, ಈರುಳ್ಳಿ, ಅರಿಸಿನದ ಒಗ್ಗರಣೆಗೆ ಹಾಕಿ, ಮೇಲೆ ಹುರಿಗಡಲೆ ಪುಡಿ ಉದುರಿಸಿ ನಿಂಬೆ ಹಿಂಡುವುದು. ಹತ್ತು ನಿಮಿಷದ ಕೆಲಸ. ತಾಯಂದಿರು ಒಂದು ಮಾತು ನೆನಪಿಡಬೇಕು. ಬರೀ ಮಂಡಕ್ಕಿ ಹೊಟ್ಟೆ ತುಂಬಿಸಿದಂತೆ ಮಾಡುತ್ತದೆ, ಅಷ್ಟೇ. ಅದನ್ನು ಊಟವಾಗಿಸುವುದು ಹುರಿಗಡಲೆ ಮತ್ತು ಶೇಂಗಾ. ಎರಡನ್ನೂ ಧಾರಾಳವಾಗಿ ಹಾಕಿ, ಒಂದು ಹಿಡಿ ಕ್ಯಾರೆಟ್ ತುರಿಯನ್ನೂ ಸೇರಿಸಿ. ಇಬ್ಬರೂ ಎರಡೆರಡು ತಟ್ಟೆ ತಿಂದರು. ಬೆಳಿಗ್ಗೆ ಉಪ್ಪಿಟ್ಟು ಬೇಡವೆಂದವರು ಇವರೇ.

ಹಿರಿಯೂರಿನ ದಾರಿಯ ಶೇಂಗಾ

ದುರ್ಗದಿಂದ ಹಿರಿಯೂರಿಗೆ ಹೆದ್ದಾರಿಯಲ್ಲಿ ಸುಮಾರು 40 ಕಿ.ಮೀ. ಕಿಟಕಿಯಾಚೆ ಈರುಳ್ಳಿ ಹೊಲ, ಶೇಂಗಾ ಹೊಲ, ನಡುನಡುವೆ ಬರಡು ಗುಡ್ಡ. ಇದು ಮಳೆಯ ನೆರಳಿನ ಸೀಮೆ. ಘಟ್ಟ ದಾಟಿ ಬರುವ ಮೋಡ ಇಲ್ಲಿಗೆ ಬರುವಷ್ಟರಲ್ಲಿ ಖಾಲಿಯಾಗಿರುತ್ತದೆ. ಅದಕ್ಕೇ ನಮ್ಮ ಹಿರಿಯರು ಕಡಿಮೆ ನೀರಿನಲ್ಲಿ ಬದುಕುವ ಬೆಳೆಗಳನ್ನು ನಂಬಿದರು. ನಮ್ಮ ಊಟವೆಲ್ಲ ಮಳೆಯ ಲೆಕ್ಕದಿಂದ ಹುಟ್ಟಿದ್ದು.

ಹಿರಿಯೂರಿನಿಂದ ವಾಣಿ ವಿಲಾಸ ಸಾಗರಕ್ಕೆ ಹೋದೆವು. ನಮ್ಮ ಜನರಿಗೆ ಅದು ಇಂದಿಗೂ ಮಾರಿಕಣಿವೆಯೇ. ವೇದಾವತಿಗೆ ಎರಡು ಗುಡ್ಡಗಳ ನಡುವೆ ಕಟ್ಟಿದ ಅಣೆಕಟ್ಟು. 1897ರಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. ರಾಜಪ್ರತಿನಿಧಿಯಾಗಿ ಮೈಸೂರು ಸಂಸ್ಥಾನವನ್ನು ನಡೆಸಿದ ಮಹಾರಾಣಿ ವಾಣಿ ವಿಲಾಸ ಸನ್ನಿಧಾನದವರ ಹೆಸರು ಅದಕ್ಕೆ. 1933ರಲ್ಲಿ ಕೋಡಿ ಬಿದ್ದ ಈ ಜಲಾಶಯ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. ಆ ವರ್ಷ ನೀರು ಹರಿಯುವುದನ್ನು ನೋಡಲು ಜಿಲ್ಲೆಗೆ ಜಿಲ್ಲೆಯೇ ಬಂದಿತ್ತು. ಅಜ್ಜಂದಿರು ಮೊಮ್ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದರು.

ಹಿಂತಿರುಗುವಾಗ ರಸ್ತೆ ಪಕ್ಕದ ಹೊಲದಲ್ಲಿ ಶೇಂಗಾ ಕೀಳುತ್ತಿದ್ದರು. ಹೊಲದ ಯಜಮಾನರು ‘ಬನ್ನಿ ಸಾರ್, ಮಕ್ಳು ಕಿತ್ತು ನೋಡ್ಲಿ’ ಎಂದು ಕರೆದರು. ಹುಡುಗಿ ಒಂದು ಗಿಡ ಕಿತ್ತು, ಬೇರಿನ ಬಳಿ ಜೋತಾಡುತ್ತಿದ್ದ ಕಾಯಿಗಳನ್ನು ನೋಡಿ ಬೆರಗಾದಳು. ಶೇಂಗಾದ ಹೂ ಅರಳುವುದು ನೆಲದ ಮೇಲೆ. ಹೂ ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ದಂಟು ಕೆಳಕ್ಕೆ ಬೆಳೆದು ಮಣ್ಣಿಗೆ ಇಳಿದು, ಕತ್ತಲಲ್ಲಿ ಕಾಯಿ ಕಟ್ಟುತ್ತದೆ. ಈ ಗಿಡ ದಕ್ಷಿಣ ಅಮೆರಿಕದಿಂದ ಬಂದದ್ದು ಎಂದಾಗ ಹುಡುಗ ನಂಬಲೇ ಇಲ್ಲ. ಬೆಳಿಗ್ಗೆ ತಿಂದ ಸೀತಾಫಲವೂ ಅಮೆರಿಕ ಖಂಡದ್ದೇ, ಒಗ್ಗರಣೆಯ ಮೆಣಸಿನಕಾಯಿಯೂ ಅಷ್ಟೇ. ರಾಗಿ ಆಫ್ರಿಕದ ಎತ್ತರದ ನಾಡಿನಿಂದ ಬಂದದ್ದು. ಒಂದು ತಟ್ಟೆಯಲ್ಲಿ ಎಷ್ಟೊಂದು ಭೂಗೋಳ!

ಹಸಿ ಶೇಂಗಾವನ್ನು ಹೊಲದಲ್ಲೇ ಉಪ್ಪು ಹಾಕಿ ಬೇಯಿಸಿ ಕೊಟ್ಟರು. ಮಕ್ಕಳು ಸಿಪ್ಪೆಯ ರಾಶಿ ಮಾಡಿದರು. 100 ಗ್ರಾಂ ಒಣ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನಿದೆ. ಧಾನ್ಯದ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಂಶ ಕಡಿಮೆ, ಬೇಳೆಕಾಳಿನಲ್ಲಿ ಅದು ಹೆಚ್ಚು. ಬೇಳೆಯಲ್ಲಿ ಕಡಿಮೆಯಿರುವ ಮೆಥಿಯೊನೀನ್ ಧಾನ್ಯದಲ್ಲಿದೆ. ಮುದ್ದೆಗೆ ಸಾರು, ಇಡ್ಲಿಗೆ ಉದ್ದು, ಅನ್ನಕ್ಕೆ ಬೇಳೆ ಎಂದು ಜೋಡಿ ಹಾಕಿದ ನಮ್ಮ ಅಜ್ಜಿಯರಿಗೆ ಈ ಹೆಸರುಗಳು ಗೊತ್ತಿರಲಿಲ್ಲ, ಜೋಡಿ ಗೊತ್ತಿತ್ತು. ಹುರಿದ ಶೇಂಗಾ, ಬೆಲ್ಲ, ಸ್ವಲ್ಪ ಎಳ್ಳು ಸೇರಿಸಿ ಕುಟ್ಟಿ ಕಟ್ಟಿದ ಉಂಡೆ ಶಾಲೆಯ ಚೀಲದಲ್ಲಿ ನಾಲ್ಕಾರು ದಿನ ಕೆಡದೆ ಇರುತ್ತದೆ. ಒಂದು ಎಚ್ಚರಿಕೆ: ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಾಳು ಕೊಡಬೇಡಿ, ಗಂಟಲಿಗೆ ಸಿಕ್ಕೀತು. ಕೆಲವು ಮಕ್ಕಳಿಗೆ ಶೇಂಗಾ ಒಗ್ಗುವುದೇ ಇಲ್ಲ. ತುಟಿ ಊದಿದರೆ, ಮೈಮೇಲೆ ದದ್ದು ಎದ್ದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಉಸಿರು ಕಟ್ಟಿದಂತಾದರೆ ತಡಮಾಡದೆ ಆಸ್ಪತ್ರೆಗೆ ಓಡಿ.

ಹೊಸದುರ್ಗದ ಸಾವೆ

ನನ್ನ ಮಡದಿಯ ತವರು ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿ. ರಾತ್ರಿ ಅಲ್ಲಿ ತಂಗಿದೆವು. ನಮ್ಮತ್ತೆಗೆ ಎಪ್ಪತ್ತು ದಾಟಿದೆ. ಊಟಕ್ಕೆ ಮುದ್ದೆ, ಹುರುಳಿಕಾಳಿನ ಬಸ್ಸಾರು. ಹುಡುಗ ಮುದ್ದೆಯನ್ನು ಬೆರಳಿನಿಂದ ಒತ್ತಿ ನೋಡಿ, ‘ನಂಗ್ ಬೇಡ’ ಎಂದ. ನನ್ನ ಬಾಯಿಗೆ ಕ್ಯಾಲ್ಸಿಯಂ ಲೆಕ್ಕ ಬಂದೇಬಿಟ್ಟಿತ್ತು. ಅಷ್ಟರಲ್ಲಿ ನಮ್ಮತ್ತೆ, ‘ಬ್ಯಾಡಂದ್ರೆ ಬಿಡಪ್ಪ. ಹೊಟ್ಟೆ ಹಸಿದ್ರೆ ತಾನೇ ಕೇಳ್ತತಿ’ ಎಂದು ಮುದ್ದೆಯನ್ನು ತಟ್ಟೆಯಿಂದ ತೆಗೆದರು. ಬೈಗುಳವಿಲ್ಲ, ಪುಸಲಾವಣೆಯಿಲ್ಲ.

ಸ್ವಲ್ಪ ಹೊತ್ತಿಗೆ ಅವರು ಒಲೆಯ ಮುಂದೆ ಕೂತು ಇಬ್ಬರನ್ನೂ ಕರೆದರು. ರಾಗಿ ಹಿಟ್ಟಿಗೆ ಈರುಳ್ಳಿ, ತೆಂಗಿನ ತುರಿ, ನುಗ್ಗೆಸೊಪ್ಪು ಹಾಕಿ ಕಲಸಿದ್ದರು. ‘ನಂಗ್ ಕೈ ನೋಯ್ತತಿ, ನೀವೇ ತಟ್ರಿ’ ಎಂದು ಬಾಳೆ ಎಲೆಯ ತುಂಡು ಕೊಟ್ಟರು. ಹುಡುಗ ಅಂಗೈ ಅಗಲದ ರೊಟ್ಟಿ ತಟ್ಟಿ, ಮೂರು ತೂತು ಮಾಡಿ, ‘ಇದು ಮುಖ’ ಎಂದ. ಹುಡುಗಿಯದು ಭಾರತದ ನಕ್ಷೆಯಂತೆ. ನಮಗಂತೂ ಹಾಗೆ ಕಾಣಲಿಲ್ಲ. ಬೆಣ್ಣೆ ಹಚ್ಚಿ ಕೊಟ್ಟದ್ದೇ ತಡ, ತಾವು ತಟ್ಟಿದ್ದನ್ನು ತಾವೇ ತಿಂದರು. ಹುಡುಗ ‘ಅಜ್ಜಿ, ಇನ್ನೊಂದು’ ಎಂದಾಗ ನಮ್ಮತ್ತೆ ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ನಾನು ತಲೆ ತಗ್ಗಿಸಬೇಕಿತ್ತು.

ಅದೇ ರಾಗಿ. ಮುದ್ದೆಯಲ್ಲಿ ಬೇಡವಾದದ್ದು ಮುಖವಿದ್ದ ರೊಟ್ಟಿಯಲ್ಲಿ ಬೇಕಾಯಿತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬಿಳಿ ಅಕ್ಕಿಯಲ್ಲಿ ಹತ್ತರ ಆಸುಪಾಸು. ಈ ಅಂಕಿ ತರಗತಿಯಲ್ಲಿ ಒಂದು ಮಗುವಿಗೂ ಒಂದು ರೊಟ್ಟಿ ತಿನ್ನಿಸಿರಲಿಲ್ಲ.

ಬೆಳಿಗ್ಗೆ ಅಂಗಳದಲ್ಲಿ ಹೊಸ ಸಾವೆ ಒಣಗಲು ಹರಡಿತ್ತು. ಪುಸ್ತಕದಲ್ಲಿ ಸಾಮೆ, ನಮ್ಮ ಕಡೆಯವರ ಬಾಯಲ್ಲಿ ಸಾವೆ. ಹೊಸದುರ್ಗ ಸೀಮೆ ಇದಕ್ಕೆ ಹೆಸರುವಾಸಿ. ರಾಗಿ, ಶೇಂಗಾ ಹೊರಗಿನಿಂದ ಬಂದವು. ಸಾವೆ ನಮ್ಮ ದೇಶದಲ್ಲೇ ಬೇಸಾಯಕ್ಕೆ ಒಗ್ಗಿದ ಬೆಳೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಪೇಟೆಯವರೂ ಇದರ ಹೆಸರು ಕಲಿತರು. ಈಗ ಗಿರಣಿಯಲ್ಲಿ ಸಿಪ್ಪೆ ತೆಗೆಸುತ್ತಾರೆ. ಆದರೂ ಮೂಲೆಯಲ್ಲಿ ಒರಳು, ಒನಕೆ ಇದ್ದವು. ಹುಡುಗ ಒನಕೆ ಎತ್ತಲು ಹೋಗಿ ಎರಡು ಏಟಿಗೇ ಸುಸ್ತಾದ. ‘ಓಬವ್ವ ಇದನ್ನ ಹೆಂಗ್ ಎತ್ತಿದ್ಲು?’ ಎಂದ. ‘ದಿನಾ ಕುಟ್ತಿದ್ಲಲ್ಲೋ ಮಗಾ’ ಎಂದರು ನಮ್ಮತ್ತೆ.

ನಾಷ್ಟಾಕ್ಕೆ ಹುರಿಹಿಟ್ಟು. ರಾಗಿಗೆ ನೀರು ಚಿಮುಕಿಸಿ ಹದ ಮಾಡಿ, ಕಾದ ಮರಳಲ್ಲಿ ಅರಳಿಸಿ, ಬೀಸಿದ ಹಿಟ್ಟು. ಬೆಲ್ಲ, ತೆಂಗಿನ ತುರಿ, ಬಿಸಿ ಹಾಲು ಹಾಕಿ ಕಲಸಿದರೆ ಮುಗಿಯಿತು, ಒಲೆಯೇ ಬೇಡ. ಹುಡುಗಿ ತಾನಾಗಿಯೇ ‘ಇದೂ ಮಂಡಕ್ಕಿ ಲೆಕ್ಕಾನೇ ಅಲ್ವಾ ಮಾವ?’ ಎಂದಳು. ಇಪ್ಪತ್ತೆಂಟು ವರ್ಷದಲ್ಲಿ ಇಂಥ ಉತ್ತರ ಎಷ್ಟು ಸಲ ಸಿಕ್ಕೀತು!

ಬುತ್ತಿಗೆ ಸಾವಕ್ಕಿ ಮೊಸರನ್ನ. ಒಂದು ಲೋಟ ಸಾವಕ್ಕಿಯನ್ನು ಅರ್ಧ ಗಂಟೆ ನೆನೆಸಿ, ಮೂರು ಲೋಟ ನೀರಿನಲ್ಲಿ ಮೆತ್ತಗೆ ಬೇಯಿಸಿ ಆರಿಸಬೇಕು. ಸ್ವಲ್ಪ ಹಾಲು, ಗಟ್ಟಿ ಮೊಸರು, ಉಪ್ಪು, ಸಾಸಿವೆಯ ಒಗ್ಗರಣೆ. ಮೇಲೆ ದಾಳಿಂಬೆ ಕಾಳು. ಇದು ದಾಳಿಂಬೆಯ ಸೀಮೆಯೂ ಹೌದು. ಬಿಳಿಯ ಮೇಲೆ ಕೆಂಪು ಕಂಡರೆ ಮಕ್ಕಳ ಕೈ ತಾನೇ ಮುಂದೆ ಬರುತ್ತದೆ. ಸಸ್ಯಾಹಾರಿ ಮಕ್ಕಳಿಗೆ ಹಾಲು, ಮೊಸರು ತಪ್ಪಿಸಬಾರದು ಎನ್ನಲು ಇನ್ನೊಂದು ಕಾರಣವಿದೆ. ಬಿ-12 ಜೀವಸತ್ವ ಕಾಳಿನಲ್ಲಾಗಲಿ ಸೊಪ್ಪಿನಲ್ಲಾಗಲಿ ಸಿಗುವುದಿಲ್ಲ.

ಹೊಳಲ್ಕೆರೆಯ ಕಡುಬು

ಹೊಸದುರ್ಗದಿಂದ ಹೊಳಲ್ಕೆರೆಗೆ ಬರುವಷ್ಟರಲ್ಲಿ ಅಡಿಕೆ, ತೆಂಗಿನ ತೋಟಗಳು ಜಾಸ್ತಿಯಾಗುತ್ತವೆ. ಊರಿನ ದೊಡ್ಡ ಗಣಪತಿಯ ಮುಂದೆ ನಿಂತ ಹುಡುಗ, ‘ಇಷ್ಟು ದೊಡ್ಡೋನಿಗೆ ಎಷ್ಟು ಕಡುಬು ಬೇಕು ಮಾವ?’ ಎಂದು ಕೇಳಿದ. ಉತ್ತರ ಹುಡುಕಲು ನನ್ನ ಬಿ.ಎಡ್. ಕಾಲದ ಗೆಳೆಯರ ಮನೆಗೆ ಹೋದೆವು.

ಅವರ ಮನೆಯವರು ಅರ್ಧ ಅಕ್ಕಿ ಹಿಟ್ಟು, ಅರ್ಧ ರಾಗಿ ಹಿಟ್ಟಿನ ಕಣಕ ಮಾಡಿದ್ದರು. ರಾಗಿಯಲ್ಲಿ ಗೋಧಿಯ ಅಂಟು ಇಲ್ಲ. ತಣ್ಣೀರಿನಲ್ಲಿ ಕಲಸಿದರೆ ಬಿರಿಯುತ್ತದೆ, ಕುದಿಯುವ ನೀರಿಗೆ ಹಾಕಿ ತಿರುವಿದರೆ ಪಿಷ್ಟ ಬೆಂದು ಹಿಡಿತ ಬರುತ್ತದೆ. ಸಿಹಿಗೆ ಎಳ್ಳು, ಶೇಂಗಾ, ಬೆಲ್ಲ, ಕಾಯಿತುರಿಯ ಹೂರಣ. ಖಾರಕ್ಕೆ ಬೆಂದ ಹೆಸರುಬೇಳೆ, ಸಣ್ಣಗೆ ಹೆಚ್ಚಿದ ಸೊಪ್ಪು, ಜೀರಿಗೆ. ಹುಡುಗಿ ಮಡಿಕೆ ಮಡಿಕೆಯಾಗಿ ಅಂಚು ಮುಚ್ಚಿದಳು. ಹುಡುಗ ಒಂದು ಇಲಿ ಮಾಡಿ, ಮೆಣಸಿನ ಕಾಳಿನ ಕಣ್ಣಿಟ್ಟ. ಹಬೆಯಲ್ಲಿ ಹನ್ನೆರಡು ನಿಮಿಷ. ಇಲಿಯ ಹೊಟ್ಟೆಯಲ್ಲಿ ಸೊಪ್ಪಿದ್ದದ್ದು ಅವನಿಗೆ ಗೊತ್ತಿತ್ತು, ಅವನೇ ತುಂಬಿದ್ದ. ಆದರೂ ತಿಂದ.

ಮಗುವಿನ ನಾಲಿಗೆ ಕಹಿಯನ್ನು ದೊಡ್ಡವರಿಗಿಂತ ಹೆಚ್ಚು ಗುರುತಿಸುತ್ತದೆ. ಒಂದು ಹೊಸ ರುಚಿ ಒಗ್ಗಲು ಕೆಲವು ಮಕ್ಕಳಿಗೆ ಹತ್ತು ಹದಿನೈದು ಸಲ ಬೇಕಾಗಬಹುದು. ಮೂರನೆಯ ಸಲಕ್ಕೇ ‘ನಮ್ಮ ಮಗು ಸೊಪ್ಪು ತಿನ್ನಲ್ಲ’ ಎಂದು ತೀರ್ಪು ಕೊಡುವವರು ನಾವು. ಇಷ್ಟಿಷ್ಟೇ ಬಡಿಸಿ, ಬೇಡವೆಂದರೆ ಸುಮ್ಮನಿರಿ, ಮುಂದಿನ ವಾರ ಬೇರೆ ರೂಪದಲ್ಲಿ ಮತ್ತೆ ಬಡಿಸಿ. ಸೊಪ್ಪು, ಕಾಳಿನ ಜತೆ ನಿಂಬೆಯೋ ನೆಲ್ಲಿಕಾಯಿಯೋ ಇರಲಿ. ಅದರ ಸಿ ಜೀವಸತ್ವ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ಊಟದ ಜತೆಗೆ ಚಹಾ ಬೇಡ, ಅದು ಕಬ್ಬಿಣವನ್ನು ತಡೆಯುತ್ತದೆ. ನಮ್ಮ ರಾಜ್ಯದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ ಎಂದು 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಹೆಣ್ಣುಮಕ್ಕಳ ತಟ್ಟೆಯನ್ನು ಇನ್ನಷ್ಟು ಗಮನಿಸಬೇಕು.

ಬೇವಿನ ಮರದ ಕೆಳಗೆ

ರಜೆ ಮುಗಿಯಿತು. ಮಕ್ಕಳು ಒಂದು ಡಬ್ಬಿ ಹುರಿಹಿಟ್ಟು ತೆಗೆದುಕೊಂಡು ಬೆಂಗಳೂರಿಗೆ ಹೋದರು. ಅವರು ಪೂರ್ತಿ ಬದಲಾದರೆಂದು ಹೇಳಿದರೆ ಸುಳ್ಳಾದೀತು. ನೂಡಲ್ಸ್ ಇನ್ನೂ ತಿನ್ನುತ್ತಾರೆ. ಭಾನುವಾರ ಮಾತ್ರ ರೊಟ್ಟಿ ತಟ್ಟುವವರು ಅವರೇ ಅಂತೆ. ಮುದ್ದೆಯ ಸುದ್ದಿ ಇನ್ನೂ ಬಂದಿಲ್ಲ.

ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟ ಬಂದದ್ದು 2002ರಲ್ಲಿ, ಮೊದಲು ಉತ್ತರದ ಏಳು ಜಿಲ್ಲೆಗಳಲ್ಲಿ; ಮರುವರ್ಷ ಉಳಿದೆಡೆಗೂ ಬಂತು. ಹಾಲಿನ ಜತೆ ರಾಗಿ ಮಾಲ್ಟ್ ಕೊಡುವುದು 2024ರಲ್ಲಿ ಶುರುವಾಯಿತು. ಅದರ ದೊಡ್ಡ ಲಾಭವೆಂದರೆ ಎಲ್ಲರ ಲೋಟದಲ್ಲೂ ಒಂದೇ ಬಣ್ಣ, ಅಲ್ಲಿ ಯಾರೂ ಯಾರನ್ನೂ ನೋಡಿ ನಗುವುದಿಲ್ಲ. ಬುತ್ತಿ ತರುವ ನಮ್ಮಂಥ ಶಾಲೆಗಳಲ್ಲಿ ಆ ಕೆಲಸವನ್ನು ಮೇಷ್ಟ್ರುಗಳೇ ಮಾಡಬೇಕು.

ಶಾಲೆ ಶುರುವಾದ ದಿನ ಬೆಳಿಗ್ಗೆ ನಾನೇ ರಾಗಿ ರೊಟ್ಟಿ ತಟ್ಟಿದೆ. ಮಡದಿ ನಗುತ್ತಾ ನೋಡಿದಳು, ಕೈ ಹಾಕಲಿಲ್ಲ. ಮಧ್ಯಾಹ್ನ ಸ್ಟಾಫ್ ರೂಮಿಗೆ ಹೋಗದೆ, ಡಬ್ಬಿ ಹಿಡಿದು ಬೇವಿನ ಮರದ ಕೆಳಗೆ ಹುಡುಗರ ನಡುವೆ ಕೂತೆ. ಏನೂ ಹೇಳಲಿಲ್ಲ. ಹಾಗೆಯೇ ನಾಲ್ಕು ದಿನ. ಐದನೆಯ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ‘ಸಾರ್, ಒಂದ್ ಚೂರು’ ಎಂದು ಕೈ ಚಾಚಿದ. ಮುಂದಿನ ವಾರ ಆ ಹುಡುಗಿ ಮತ್ತೆ ಡಬ್ಬಿ ತಂದಳು. ಕಬ್ಬಿಣದ ಮಾತ್ರೆಯನ್ನೂ ನುಂಗುತ್ತಿದ್ದಾಳೆಂದು ಅವಳ ತಾಯಿ ಹೇಳಿದ್ದರು. ಮರದ ಹಿಂದೆ ಹೋಗಲಿಲ್ಲ, ಆದರೆ ನಮ್ಮಿಂದ ಸ್ವಲ್ಪ ದೂರದಲ್ಲೇ ಕೂತಳು. ನಾನು ಆ ಕಡೆ ನೋಡದೆ ನನ್ನ ರೊಟ್ಟಿ ಮುರಿಯುತ್ತಿದ್ದೆ.

‘ಸಾರ್, ನಿಮ್ದು ಸೀದೈತೆ’ ಎಂದಳು. ಎದ್ದು ಬಂದು ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ಡಬ್ಬಿಯಲ್ಲಿಟ್ಟು, ‘ಹಿಟ್ಟಿಗೆ ಬಿಸ್ನೀರು ಹಾಕ್ಬೇಕು ಸಾರ್’ ಎಂದಳು.

ಅವಳು ಹೇಳಿದ್ದು ಸರಿಯಾಗಿತ್ತು. ಹೊಳಲ್ಕೆರೆಯಲ್ಲಿ ನೋಡಿಯೂ ಮರೆತಿದ್ದೆ.